ಮಣಿಕಟ್ಟಿನ ಗಣಕ

ಮೈಮೇಲೆ ಧರಿಸುವ ಗಣಕದ ಚರಿತ್ರೆ ಜೂಜಿನ ಮೇಜಿನಿಂದ ಶುರುವಾಯಿತೆಂಬುದು ನನಗೆ ಈಗಲೂ ನಗು ತರಿಸುವ ಸಂಗತಿ. 1961ರಲ್ಲಿ ಗಣಿತಜ್ಞರಾದ ಎಡ್ವರ್ಡ್ ಥಾರ್ಪ್ ಮತ್ತು ಕ್ಲಾಡ್ ಶಾನನ್ ಸಿಗರೇಟು ಪ್ಯಾಕಿನಷ್ಟು ದೊಡ್ಡದಾದ ಯಂತ್ರವೊಂದನ್ನು ರೂಪಿಸಿ, ಬೂಟಿನೊಳಗಿನ ಗುಂಡಿಯನ್ನು ಕಾಲ್ಬೆರಳಿನಿಂದ ಒತ್ತುತ್ತಾ ರೂಲೆಟ್ ಎಂಬ ಜೂಜಿನ ಚಕ್ರದ ವೇಗವನ್ನು ಅಳೆದು, ಚೆಂಡು ಎತ್ತ ಬೀಳಬಹುದೆಂಬ ಲೆಕ್ಕವನ್ನು ಕಿವಿಯೊಳಗಿನ ಸ್ವರದಿಂದ ತಿಳಿದುಕೊಳ್ಳುತ್ತಿದ್ದರು. 1994ರಲ್ಲಿ ಕೆನಡಾದ ಸಂಶೋಧಕ ಸ್ಟೀವ್ ಮಾನ್ ತಲೆಗೆ ಕ್ಯಾಮೆರಾ ಕಟ್ಟಿಕೊಂಡು ತಾವು ಕಂಡದ್ದನ್ನು ಅಂತರ್ಜಾಲಕ್ಕೆ ಹರಿಯಬಿಟ್ಟರು.

ಈಗ ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬದನೆಕಾಯಿ ಆರಿಸುವವರ ಮಣಿಕಟ್ಟಿನಲ್ಲೂ ಸ್ಮಾರ್ಟ್‌ವಾಚು ಮಿನುಗುತ್ತದೆ. ತೀರ್ಥಹಳ್ಳಿಯ ನಮ್ಮ ಅತ್ತಿಗೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದರೆ, ಕೈಯ ಅಲುಗಾಟವನ್ನೇ ನಡಿಗೆಯೆಂದು ಬಗೆದ ವಾಚು ಅವರ ಹೆಜ್ಜೆಗಳನ್ನು ಶ್ರದ್ಧೆಯಿಂದ ಎಣಿಸುತ್ತಿರುತ್ತದೆ. ನಾಡಿಯ ವಿಷಯದಲ್ಲಿ ಅದು ಇಷ್ಟು ಪೆದ್ದಲ್ಲ. ಹಿಂಬದಿಯ ಹಸಿರು ಬೆಳಕು ಚರ್ಮದೊಳಗೆ ಹೊಕ್ಕು ಮರಳುವಾಗ ಆಗುವ ಏರಿಳಿತದಿಂದ ರಕ್ತದ ಮಿಡಿತವನ್ನು ಲೆಕ್ಕ ಹಾಕುವ ಆ ಕೆಲಸಕ್ಕೆ ಟವರಿನ ಹಂಗಿಲ್ಲ. ಹಾಗಾಗಿ ಆಷಾಢದ ಮಳೆಗೆ ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಬರಿದಾಗಿ ಊರಿಗೆ ಊರೇ ಸಂಪರ್ಕ ಕಳೆದುಕೊಂಡಾಗಲೂ ವಾಚು ಎದೆಬಡಿತವನ್ನು ಬಿಡದೆ ಬರೆದಿಡುತ್ತದೆ.

ನನ್ನ ತಕರಾರು ಈ ಯಂತ್ರದ ಮೇಲಲ್ಲ, ಅದು ಕೈಯಲ್ಲಿದೆಯೆಂಬ ಕಾರಣಕ್ಕೆ ಸಂದೇಶ ಮುಟ್ಟಿದ ಕ್ಷಣವೇ ಉತ್ತರ ಬರಬೇಕೆಂದು ಕಾಯುವವರ ಮೇಲೆ. ಮಲೆನಾಡಿನವರಿಗೆ ಸದ್ಯಕ್ಕೆ ಒಂದು ರಿಯಾಯಿತಿಯಿದೆ: ಮಳೆಗಾಲದಲ್ಲಿ ಸಿಗ್ನಲ್ ಇರಲಿಲ್ಲವೆಂದರೆ ಬೆಂಗಳೂರಿನವರು ಮರುಮಾತಿಲ್ಲದೆ ನಂಬುತ್ತಾರೆ, ಬೇಸಿಗೆಯಲ್ಲಿ ಮಾತ್ರ ವಿವರಣೆ ಕೇಳುತ್ತಾರೆ.