ಬಿಸಿ ಶಾಫ್ಟಿನ 14 ಮೈಕ್ರಾನ್

ಗ್ರೈಂಡಿಂಗ್‌ನವರಿಗೂ ಇನ್‌ಸ್ಪೆಕ್ಷನ್‌ನವರಿಗೂ ಜಗಳ ಇದ್ದದ್ದೇ; ಅವರು ಲೋಹ ಉಜ್ಜಿ ಅಳತೆಗೆ ತರುವವರು, ಇನ್‌ಸ್ಪೆಕ್ಷನ್ನಿನ ನಾವು ಅದನ್ನು ಅಳೆದು ನೋಡುವವರು. ಆದರೆ ಆ ಒಂದು ಲಾಟ್ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. 100 ಎಂಎಂ ವ್ಯಾಸದ ಸ್ಟೀಲ್ ಶಾಫ್ಟ್, ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಸೊನ್ನೆಯಿಂದ ಮೈನಸ್ 22 ಮೈಕ್ರಾನ್; ಮೈಕ್ರಾನ್ ಎಂದರೆ ಎಂಎಂನ ಸಾವಿರದಲ್ಲೊಂದು ಭಾಗ, ಹಾಗಾಗಿ 99.978ಕ್ಕಿಂತ ಕಡಿಮೆಯಾಗಬಾರದು. ಮೆಷಿನ್ ಪಕ್ಕದಲ್ಲಿ ಡಿಜಿಟಲ್ ಮೈಕ್ರೋಮೀಟರ್ 99.990 ತೋರಿಸಿತ್ತು. ಮಾರನೆಯ ಬೆಳಿಗ್ಗೆ ಇನ್‌ಸ್ಪೆಕ್ಷನ್ ರೂಮಿನಲ್ಲಿ ಅದೇ ಶಾಫ್ಟ್ 99.976. ಓವರ್‌ಸೈಜ್ ಆಗಿದ್ದರೆ ಇನ್ನೊಂದು ಪಾಸ್ ಕೊಡಬಹುದಿತ್ತು. ಅಂಡರ್‌ಸೈಜಿಗೆ ಏನು ಮಾಡುವುದು?

ಗ್ಲೌಸ್ ಹಾಕಿಕೊಂಡು, ಸ್ಲಿಪ್ ಗೇಜಿಗೆ (ಉದ್ದ ನಿಖರವಾಗಿ ಗೊತ್ತಿರುವ ಲೋಹದ ತುಂಡಿಗೆ) ಸೊನ್ನೆ ಕೂರಿಸಿ, ಜಾಗ ಬದಲಿಸಿ ಬದಲಿಸಿ ಅಳೆದೆ. ಅಂಕಿ ಅಲ್ಲಾಡಲಿಲ್ಲ. ಆಪರೇಟರ್ ಎದುರಿಗೇ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು. ಅವರು ಬರೆದ ಅಂಕಿಯೂ ಸುಳ್ಳಲ್ಲ. ಕೊನೆಗೆ, ಆಗಷ್ಟೇ ಇಳಿದ ಇನ್ನೊಂದು ಶಾಫ್ಟಿಗೆ ಥರ್ಮಾಮೀಟರ್ ಒತ್ತಿ ಹಿಡಿದೆವು: 32 ಡಿಗ್ರಿ. ನಮ್ಮ ರೂಮು 20. ಸ್ಟೀಲು ಡಿಗ್ರಿಗೆ, ಮೀಟರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. 100 ಎಂಎಂಗೆ 12 ಡಿಗ್ರಿ ಎಂದರೆ ಹತ್ತಿರ ಹತ್ತಿರ 14 ಮೈಕ್ರಾನ್. ಮೈಕ್ರೋಮೀಟರ್ ತಂಪು ರೂಮಿನಲ್ಲಿ ಸೊನ್ನೆ ಕೂರಿಸಿಕೊಂಡು ಆಗಷ್ಟೇ ಹೋಗಿತ್ತು. ಅದೂ ಶಾಫ್ಟಿನಷ್ಟೇ ಬಿಸಿಯಾಗಿದ್ದರೆ ವ್ಯತ್ಯಾಸ ಇಷ್ಟು ಬರುತ್ತಿರಲಿಲ್ಲ.

ಮ್ಯಾನೇಜ್‌ಮೆಂಟ್ ಕೊಟ್ಟ ಪರಿಹಾರ: ಹೊಸ ಸಿಎಂಎಂಗೆ (ಬಿಡಿಭಾಗವನ್ನು ಪಾಯಿಂಟ್ ಪಾಯಿಂಟಾಗಿ ಮುಟ್ಟಿ ಅಳೆಯುವ ಕಂಪ್ಯೂಟರ್ ಯಂತ್ರಕ್ಕೆ) ಕೊಟೇಶನ್ ತರಿಸಿ. ನನಗೆ ರೇಗಿದ್ದು ಅಲ್ಲಿ. ಮೈಕ್ರಾನ್ ಹಿಡಿಯುವ ಉಪಕರಣಕ್ಕೇನು ಬರವಿತ್ತೇ? ಇಂಗ್ಲೆಂಡಿನ ಎಂಜಿನಿಯರ್ ಹೆನ್ರಿ ಮಾಡ್ಸ್ಲೆಯ ಬೆಂಚ್ ಮೈಕ್ರೋಮೀಟರ್ 1805ರ ಸುಮಾರಿಗೇ ಇಂಚಿನ ಹತ್ತು ಸಾವಿರದಲ್ಲೊಂದು ಭಾಗ, ಅಂದರೆ ಎರಡೂವರೆ ಮೈಕ್ರಾನ್, ಹಿಡಿಯುತ್ತಿತ್ತು. ನಾವು ದಿನಾ ಮುಟ್ಟುವ ಸ್ಲಿಪ್ ಗೇಜ್ ಸ್ವೀಡನ್ನಿನ ಯೊಹಾನ್ಸನ್ 1896ರಲ್ಲಿ ಯೋಚಿಸಿದ್ದು. ಅಳತೆಗೆ 20 ಡಿಗ್ರಿಯೇ ಆಧಾರ ಎಂದು 1931ರಲ್ಲೇ ಅಂತರರಾಷ್ಟ್ರೀಯವಾಗಿ ಒಪ್ಪಿಕೊಂಡಾಗಿದೆ.

ಮುಂದುವರಿದಿಲ್ಲ ಎನ್ನುತ್ತಿಲ್ಲ. ಪಂಪಿನಂಥದರೊಳಗೆ ತಿರುಗುವ ಇಂಪೆಲ್ಲರಿನ ತಿರುಚಿದ ಬ್ಲೇಡನ್ನು ಸಿಎಂಎಂ ನೂರಾರು ಪಾಯಿಂಟಿನಲ್ಲಿ ಮುಟ್ಟಿ ಕಂಪ್ಯೂಟರ್ ಮಾಡೆಲ್‌ಗೆ ಹೋಲಿಸುವಾಗ ನನಗೆ ಇಂದಿಗೂ ರೋಮಾಂಚನವಾಗುತ್ತದೆ. ಟೆಂಪ್ಲೇಟ್ ಇಟ್ಟು ಬೆಳಕಿಗೆ ಹಿಡಿದು ನೋಡಿದರೆ ಅದು ಸಿಗುವಂಥದ್ದಲ್ಲ. ಗ್ರೈಂಡಿಂಗ್ ನಡೆಯುತ್ತಿರುವಾಗಲೇ ಅಳೆದು ಚಕ್ರವನ್ನು ಹಿಂದಕ್ಕೆ ಎಳೆಯುವ ಗೇಜುಗಳಿವೆ. ವೇಗ ಬಂದಿದೆ, ಕೈಯ ಒತ್ತಡದ ಗೊಡವೆ ತಪ್ಪಿದೆ. ಆದರೆ ಬಿಸಿ ಜಾಬನ್ನು (ಅಳೆಯಬೇಕಾದ ಬಿಡಿಭಾಗವನ್ನು) ಸಿಎಂಎಂ ಮೇಲಿಟ್ಟು, ಅದರ ಉಷ್ಣಾಂಶ ತಿಳಿಸದಿದ್ದರೆ, ಅದೂ ಹಿಗ್ಗಿದ ಶಾಫ್ಟನ್ನೇ ಅಳೆಯುತ್ತದೆ.

ಕೊಟೇಶನ್ ಬದಲು ನಾನು ಕೇಳಿದ್ದು ಎರಡೇ: ಜಾಬ್ ತಣಿಯಲು ಒಂದು ರ‍್ಯಾಕ್, ರಿಪೋರ್ಟಿನಲ್ಲಿ ಉಷ್ಣಾಂಶಕ್ಕೊಂದು ಕಾಲಂ. ಮುಟ್ಟದೆ ಉಷ್ಣಾಂಶ ಅಳೆಯುವ ಇನ್‌ಫ್ರಾರೆಡ್ ಗನ್ ಬೇಡ ಎಂದೂ ಹೇಳಿದೆ, ಗ್ರೈಂಡ್ ಆದ ಹೊಳಪಿನ ಮೇಲೆ ಅದು ತಪ್ಪು ತೋರಿಸುತ್ತದೆ. ರ‍್ಯಾಕ್ ಬಂತು. ಡಿಸ್ಪ್ಯಾಚ್ ಒತ್ತಡ ಬಂದ ದಿನ ಮಾತ್ರ ಕಾಲಂ ಖಾಲಿಯೇ ಬರುತ್ತದೆ, ಆ ರಿಪೋರ್ಟಿಗೆ ನಾನು ಸಹಿ ಹಾಕುವುದಿಲ್ಲ.