ಅಡಿಕೆ ಡ್ರೈಯರ್: ಒಲೆ ತುಂಬ ಬೆಂಕಿ, ತಟ್ಟೆಗೆ ಗಾಳಿಯಿಲ್ಲ

ಅಡಿಕೆಕೊನೆ (ಗೊನೆ) ಕೊಯ್ಲಿನ ಹೊತ್ತಿಗೆ ಶಿರಸಿ, ಸಿದ್ದಾಪುರದ ಕಡೆ ಮೋಡ ಕಟ್ಟಿತೆಂದರೆ ಬೇಯಿಸಿದ ಅಡಿಕೆ ಅಂಗಳ ಬಿಟ್ಟು ಡ್ರೈಯರ್ ಸೇರುತ್ತದೆ. ಡ್ರೈಯರ್ ಕೈ ಕೊಡುವುದೂ ಆಗಲೇ. ಒಣಗುತ್ತಿಲ್ಲ ಎಂದು ಕಂಡರೆ ಹೆಚ್ಚಿನವರು ಒಲೆಗೆ ಇನ್ನೆರಡು ಕೊರಡು ತುರುಕುತ್ತಾರೆ. ಗಾಳಿ ಹರಿಯದಿದ್ದರೆ ಆ ಬಿಸಿ ಹೊಗೆಕೊಳವೆಯನ್ನೇ ಸುಡುತ್ತದೆ, ಮಿಕ್ಕಿದ್ದು ಚಿಮಣಿ ಹತ್ತಿ ಹೋಗುತ್ತದೆ. ಮೊದಲು ನೋಡಬೇಕಾದ್ದು ಗಾಳಿಯನ್ನು, ಬೆಂಕಿಯನ್ನಲ್ಲ.

ಕಟ್ಟಿಗೆ ಒಲೆ, ಹೊಗೆ ಸಾಗುವ ಕಬ್ಬಿಣದ ಕೊಳವೆ, ಅದರ ಹೊರಮೈಗೆ ಗಾಳಿ ಊದುವ ಬ್ಲೋವರ್, ಅಲ್ಲಿಂದ ಅಡಿಕೆ ಹರಡುವ ತಟ್ಟೆಯ ಅಡಿಗೆ ಬಿಸಿಗಾಳಿ ತರುವ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡಿನ ಡಕ್ಟ್ ಇರುವ ಡ್ರೈಯರ್‌ಗೆ ಈ ಮಾತು.

ತಟ್ಟೆ ಖಾಲಿ ಇರುವಾಗಲೇ ಅಳೆಯಿರಿ. ಹಸಿ ಅಡಿಕೆ ತುಂಬಿದ್ದರೆ ನೀರು ಆವಿಯಾಗುತ್ತ ಗಾಳಿ ತಣಿಯುತ್ತದೆ, ಅದು ದೋಷವಲ್ಲ. ಡಕ್ಟ್ ಬಾಯಿಗೊಂದು, ತಟ್ಟೆಯ ದೂರದ ಮೂಲೆಗೊಂದು ಥರ್ಮಾಮೀಟರ್ ಇಡಿ. ಬಾಯಲ್ಲಿ 70 ಡಿಗ್ರಿ ಇದ್ದು ಮೂಲೆಯಲ್ಲಿ 40 ಕಂಡರೆ ಗಾಳಿ ಸಾಲದು, ಇಲ್ಲವೇ ದಾರಿಯಲ್ಲಿ ಸೋರುತ್ತಿದೆ. ಗಾಳಿ ಜೋರಾಗಿದ್ದೂ ಬಾಯಲ್ಲೇ 40 ಇದ್ದರೆ ತೊಂದರೆ ಕೊಳವೆಯದು ಅಥವಾ ಕಟ್ಟಿಗೆಯದು.

ಗಾಳಿ ಸಾಲದಿದ್ದರೆ ಬ್ಲೋವರ್ ತಿರುಗುವ ದಿಕ್ಕು ನೋಡಿ. ತ್ರೀ ಫೇಸ್ ಮೋಟರಿನ ಎರಡು ವೈರ್ ಅದಲುಬದಲಾದರೆ ಅದು ಹಿಂದುಮುಂದಾಗಿ ತಿರುಗುತ್ತದೆ. ಬಸವನಹುಳುವಿನ ಆಕಾರದ ಬ್ಲೋವರ್ ಉಲ್ಟಾ ತಿರುಗಿದರೂ ಗಾಳಿಯನ್ನು ಹೊರಗೇ ತಳ್ಳುತ್ತದೆ, ಆದರೆ ಬಹಳ ಕಡಿಮೆ. ಸದ್ದಿದೆ, ಗಾಳಿಯೂ ಬರುತ್ತಿದೆ. ಹಾಗಾಗಿಯೇ ಈ ತಪ್ಪು ಸೀಸನ್ ಪೂರ್ತಿ ಯಾರ ಕಣ್ಣಿಗೂ ಬೀಳದೆ ಉಳಿಯುವುದುಂಟು. ತಿರುಗುವ ದಿಕ್ಕನ್ನು ಬ್ಲೋವರ್ ಡಬ್ಬಿಯ ಮೇಲಿನ ಬಾಣದ ಗುರುತಿಗೆ ಹೋಲಿಸಿ. ಉಲ್ಟಾ ಇದ್ದರೆ ಮೇನ್ ಸ್ವಿಚ್ ಆರಿಸಿ ಯಾವುದಾದರೂ ಎರಡು ಫೇಸ್ ಬದಲಿಸಬೇಕು. ಎಲೆಕ್ಟ್ರೀಷಿಯನ್‌ಗೆ ಐದು ನಿಮಿಷದ ಕೆಲಸ. ಬೆಲ್ಟ್ ಸಡಿಲವೇ, ಗಾಳಿ ಎಳೆಯುವ ಜಾಲರಿಗೆ ಸಿಪ್ಪೆಯ ಧೂಳು ಕಟ್ಟಿದೆಯೇ ಎಂದೂ ನೋಡಿ. ಬ್ಲೋವರಿನ ರೆಕ್ಕೆಗಳ ಒಳಬಾಗಿಗೆ ಧೂಳು ತುಂಬಿದರೂ ಗಾಳಿ ಬೀಳುತ್ತದೆ.

ಆಮೇಲೆ ಸೋರಿಕೆ. ಊದುಬತ್ತಿ ಹಚ್ಚಿ ಡಕ್ಟಿನ ಒಂದೊಂದು ಜೋಡಣೆಯ ಸುತ್ತ ಹಿಡಿಯಿರಿ. ಹೊಗೆ ಚದುರಿದಲ್ಲಿ ಸೋರಿಕೆ ಇದೆ. ಜೋಡಣೆಗೆ ಮೂರ್ನಾಲ್ಕು ಸ್ಕ್ರೂ ಬಿಗಿದು, ಧೂಳು ಜಿಡ್ಡು ಒರೆಸಿ, 2 ಇಂಚಿನ ಅಲ್ಯೂಮಿನಿಯಂ ಫಾಯಿಲ್ ಟೇಪು ಒತ್ತಿ ಅಂಟಿಸಿ. ಬಟ್ಟೆ ಟೇಪು ಬೇಡ, ಬಿಸಿಗೆ ಅದರ ಗೋಂದು ಒಣಗಿ ಉದುರುತ್ತದೆ. ಒಲೆಯ ಹತ್ತಿರ ಯಾವ ಟೇಪೂ ನಿಲ್ಲದು, ಅಲ್ಲಿಗೆ ಸಂದು ಮುಚ್ಚುವ, ಹೆಚ್ಚು ಬಿಸಿ ತಡೆಯುವ ಸೀಲಂಟೇ ಬೇಕು. ಹೊರಗೆ ಹಾದುಹೋಗುವ ಡಕ್ಟಿಗೆ 50 ಮಿಲಿಮೀಟರ್ ರಾಕ್‌ವೂಲ್ (ಬಿಸಿ ತಡೆಯುವ ಕಲ್ಲುನಾರಿನ ಹೊದಿಕೆ) ಸುತ್ತಿದರೆ ಬಿಸಿ ಉಳಿಯುತ್ತದೆ.

ಬಿಸಿಯೇ ಸಾಲದು ಎಂದಾದರೆ ಕೊಳವೆಯ ಒಳಗೆ ಕರಿ ಕಟ್ಟಿರುತ್ತದೆ. ಕರಿ ಬಿಸಿಯನ್ನು ದಾಟಗೊಡುವುದಿಲ್ಲ. ಒಲೆ ಪೂರ್ತಿ ಆರಿದ ಮೇಲೆ ಉದ್ದ ಹಿಡಿಯ ತಂತಿ ಬ್ರಷ್ಷಿನಿಂದ ತಿಕ್ಕಿ. ಸೀಸನ್ನಿನಲ್ಲಿ ವಾರಕ್ಕೊಮ್ಮೆ ಆದರೂ ಬೇಕು. ಹಸಿ ಕಟ್ಟಿಗೆ, ಒದ್ದೆ ಅಡಿಕೆಸಿಪ್ಪೆ ಉರಿಸಿದರೆ ಕರಿಯ ಬದಲು ಡಾಂಬರಿನಂಥ ಅಂಟು ಕೂರುತ್ತದೆ, ಅದನ್ನು ಕೆರೆದೇ ತೆಗೆಯಬೇಕು. ಬೆಂಕಿ ಹಿಡಿದ ಮೇಲೂ ಚಿಮಣಿಯ ಅಡ್ಡತಗಡನ್ನು ಪೂರ್ತಿ ತೆರೆದಿಟ್ಟರೆ ಬಿಸಿ ಆಕಾಶಕ್ಕೆ. ಸ್ವಲ್ಪ ಮುಚ್ಚಿ, ಒಲೆಬಾಯಿಂದ ಹೊಗೆ ಹಿಂದೆ ಬರದಷ್ಟು ಮಾತ್ರ.

ಬ್ಲೋವರ್ ಹಾಕಿದೊಡನೆ ಒಲೆಯ ಜ್ವಾಲೆ ಅಲುಗಿದರೆ, ಅಥವಾ ಅಡಿಕೆಗೆ ಹೊಗೆವಾಸನೆ ಬಂದರೆ, ಕೊಳವೆ ತೂತಾಗಿದೆ ಎಂದೇ ಅನುಮಾನಿಸಿ. ಉರಿ ನಿಲ್ಲಿಸಿ, ವೆಲ್ಡಿಂಗ್ ಮಾಡಿಸದೆ ಮತ್ತೆ ಹಚ್ಚಬೇಡಿ. ಮುಚ್ಚಿದ ಕೋಣೆಯಲ್ಲಿ ಆ ಹೊಗೆ ಪ್ರಾಣಕ್ಕೇ ಅಪಾಯ.

ಇಷ್ಟೆಲ್ಲ ಸರಿಯಿದ್ದೂ ಒಣಗದಿದ್ದರೆ ತಲೆ ಎತ್ತಿ ಮಾಡಿನತ್ತ ನೋಡಿ. ಬಿಸಿ ಹೋದೀತೆಂದು ಮೇಲಿನ ಕಿಂಡಿಗೆ ಗೋಣಿ ತುರುಕಿರುತ್ತಾರೆ. 25 ಡಿಗ್ರಿಯಲ್ಲಿ ತೇವಾಂಶ 90 ಪ್ರತಿಶತ ಇರುವ ಗಾಳಿಯನ್ನು 55ಕ್ಕೆ ಕಾಯಿಸಿದರೆ ತೇವಾಂಶ ಸುಮಾರು 18ಕ್ಕೆ ಇಳಿಯುತ್ತದೆ, ಆಗಲೇ ಅದು ಅಡಿಕೆಯ ನೀರು ಹೀರುವುದು. ನೀರು ಹೀರಿದ ಗಾಳಿಗೆ ಹೊರದಾರಿ ಇಲ್ಲದಿದ್ದರೆ ಕೆಳಗಿನಿಂದ ಹೊಸ ಗಾಳಿ ಏರುವುದೂ ಇಲ್ಲ. ಗೋಣಿ ತೆಗೆಯಿರಿ.