ತಾಮ್ರದ ಸುರುಳಿಗೆ ಹುಣಸೆಹಣ್ಣೇ ಸಾಕು

ಚಳಿಗಾಲ ಪೂರ್ತಿ ಗ್ಯಾರೇಜ್ ಗೋಡೆಗೆ ನೇತುಹಾಕಿದ್ದ, ಬಿಯರ್ ಮಾಡುವಾಗ ರಸ ತಣಿಸೋ ಚಿಲ್ಲರ್‌ನ ಶನಿವಾರ ಇಳಿಸಿ ನೋಡಿದ್ರೆ ಫಿಟ್ಟಿಂಗ್ ಬುಡದಲ್ಲಿ ಹಸಿರು-ನೀಲಿ ಕಿಲುಬು. ಇಲ್ಲಿ ಮಿನ್ನೆಸೋಟದಲ್ಲಿ ಮನೇಲಿ ಬಿಯರ್ ಮಾಡೋಕೆ ಶುರು ಮಾಡಿರೋ ನಮ್ಮವರು ಕೆಲವರು ಇದನ್ನ ಹೇಗೆ ತೊಳೆಯೋದು ಅಂತ ಕೇಳ್ತಿರ್ತಾರೆ, ಅದಕ್ಕೆ ಒಂದ್ಸಲ ಬರೆದೇ ಬಿಡೋಣ ಅಂತ.

ಚಿಲ್ಲರ್ ಅಂದ್ರೆ 50 ಅಡಿ ತಾಮ್ರದ ಪೈಪಿನ ಸುರುಳಿ ಅಷ್ಟೆ. ಕುದಿಸಿದ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ರಸದೊಳಗೆ, ಅಂದ್ರೆ ವರ್ಟ್‌ಗೆ, ಇದನ್ನ ಇಳಿಸಿ ಪೈಪೊಳಗೆ ತಣ್ಣೀರು ಬಿಟ್ರೆ 19 ಲೀಟರ್ ರಸ ಅರ್ಧ ಗಂಟೆಯೊಳಗೆ ಯೀಸ್ಟ್ ಹಾಕೋ ಹದಕ್ಕೆ ಬಂದ್ಬಿಡುತ್ತೆ. ಸ್ಟೇನ್‌ಲೆಸ್ ಸ್ಟೀಲಿಗಿಂತ ತಾಮ್ರ 20 ಪಟ್ಟಿಗೂ ಜಾಸ್ತಿ ಶಾಖ ದಾಟಿಸುತ್ತೆ, ಹಾಗಾಗಿ ನಾನಂತೂ ತಾಮ್ರ ಬಿಡಲ್ಲ.

ಮೊದಲು ತಿಳ್ಕೋಬೇಕಾದ್ದು, ಕಂದು ಬಣ್ಣಕ್ಕೆ ಹೆದರಬೇಡಿ. ಅದು ಮೇಲಿನ ಆಕ್ಸೈಡ್ ಪದರ, ತಾಮ್ರನ ಕಾಯೋದೇ ಅದು, ಫಳಫಳ ಅನ್ನೋ ಹಾಗೆ ಪ್ರತಿ ಸಲ ಉಜ್ಜೋ ಅಗತ್ಯ ಇಲ್ಲ. ಕಿಲುಬು ಮಾತ್ರ ಬೇರೆ ಲೆಕ್ಕ, ಅದು ವಿಷ, ವರ್ಟ್ ಹುಳಿ ಇರೋದ್ರಿಂದ ಅದರಲ್ಲಿ ಕರಗಿಹೋಗುತ್ತೆ, ಒಂದು ಚುಕ್ಕೆ ಕಂಡ್ರೂ ತೆಗೀಲೇಬೇಕು.

ಊರಲ್ಲಿ ಅಜ್ಜಿ ಬಚ್ಚಲುಮನೆ ಹಂಡೆ ಹೇಗೆ ತೊಳೀತಿದ್ರೋ ನಾನೂ ಹಾಗೇ ಮಾಡೋದು. ನಿಂಬೆ ಗಾತ್ರದ ಹುಣಸೆಹಣ್ಣು ಬಿಸಿನೀರಲ್ಲಿ ನೆನೆಸಿ ಕಿವುಚಿ, ಒಂದು ಹಿಡಿ ಕಲ್ಲುಪ್ಪು ಹಾಕಿ, ಹಳೇ ಪಂಚೆ ಸೀಳಿದ ಬಟ್ಟೇನ ಅದರಲ್ಲಿ ಅದ್ದಿ ಸುರುಳಿ ಸಂದಿಗೆ ತೂರಿಸಿ ಮಜ್ಜಿಗೆ ಕಡೆದ ಹಾಗೆ ಆ ಕಡೆ ಈ ಕಡೆ ಎಳೀತೀನಿ. ಎರಡು ಎಳೆತಕ್ಕೆ ಬಟ್ಟೆ ಕಪ್ಪಗಾಗುತ್ತೆ, ಮೂರನೇದಕ್ಕೆ ಒಳಗಿಂದ ಎಳೇ ಗುಲಾಬಿ ಬಣ್ಣದ ತಾಮ್ರ ಕಾಣಿಸುತ್ತೆ, ಆ ಬಣ್ಣ ನೋಡೋಕೇ ನಂಗೆ ಖುಷಿ. ಹುಣಸೆಯ ಟಾರ್ಟಾರಿಕ್ ಆಸಿಡ್ ಆಕ್ಸೈಡನ್ನ ಕರಗಿಸುತ್ತೆ, ಉಪ್ಪು ಅದಕ್ಕೆ ಇನ್ನೂ ಬಲ ಕೊಡುತ್ತೆ. ಹುಣಸೆ ಇಲ್ದಿದ್ರೆ ಬಿಳೀ ವಿನೆಗರೂ ಆಗುತ್ತೆ. ಆದ್ರೆ ಆಮೇಲೆ ಚೆನ್ನಾಗಿ ತೊಳೆದು ತಕ್ಷಣ ಒರೆಸಿ, ಹುಳಿ ಉಳಿದ್ರೆ ಮತ್ತೆ ಕಿಲುಬು ಅಲ್ಲೇ ಕೂರುತ್ತೆ. ಸ್ಟೀಲ್ ಉಣ್ಣೆ ಬೇಡ, ಗೀರು ಬೀಳುತ್ತೆ.

ಬ್ಲೀಚ್ ಅಂತೂ ಹತ್ರಾನೂ ತರಬೇಡಿ. ಮೊದಲ ವರ್ಷ ಕ್ರಿಮಿ ಸಾಯ್ಲಿ ಅಂತ ಬ್ಲೀಚ್ ನೀರಲ್ಲಿ ರಾತ್ರಿಯೆಲ್ಲಾ ನೆನೆಸಿಟ್ಟೆ, ಬೆಳಗ್ಗೆ ನೋಡಿದ್ರೆ ಇಡೀ ಸುರುಳಿ ಇದ್ದಿಲ ಕಪ್ಪು, ಉಜ್ಜಿ ಉಜ್ಜಿ ಎರಡು ದಿನ ಹೋಯ್ತು. ಅದೇನೂ ಬೇಕಿಲ್ಲ, ವರ್ಟ್ ಕುದಿ ಮುಗಿಯೋಕೆ 15 ನಿಮಿಷ ಇರುವಾಗ ಚಿಲ್ಲರ್‌ನ ಅದರೊಳಗೆ ಇಳಿಸಿದ್ರೆ ಕುದಿಯೇ ಎಲ್ಲಾ ಕೊಲ್ಲುತ್ತೆ.

ಕಲಾಯಿ ಹಾಕಿಸಬೇಕಾ ಅಂತ ಒಬ್ರು ಕೇಳಿದ್ರು. ಬೇಡ, ಹುಳಿ ಸಾರು ಗಂಟೆಗಟ್ಟಲೆ ಇಡೋ ಪಾತ್ರೆ ಅಲ್ಲ ಇದು, ಮುಕ್ಕಾಲು ಗಂಟೆ ಇದ್ದು ಹೊರಗೆ ಬರುತ್ತೆ. ಸ್ವಲ್ಪ ತಾಮ್ರ ಇದ್ರೆ ಯೀಸ್ಟಿಗೂ ಒಳ್ಳೇದೇ, ಕೊಳೆತ ಮೊಟ್ಟೆ ವಾಸನೆ ಕೊಡೋ ಗಂಧಕಾನೂ ಹಿಡ್ಕೊಳ್ಳುತ್ತೆ. ಆದ್ರೆ ಹುದುಗಿದ ಮೇಲೆ ಬಿಯರಿಗೆ ತಾಮ್ರ ಸೋಕಿಸಲೇಬೇಡಿ, ಬೇಗ ಹಳಸಿ ಒದ್ದೆ ರಟ್ಟಿನ ರುಚಿ ಬರುತ್ತೆ.

ಕೊನೇಲಿ ಎತ್ತಿಡೋ ಮುಂಚೆ ಪೈಪಿನ ಒಂದು ತುದಿಗೆ ಬಾಯಿಟ್ಟು ಜೋರಾಗಿ ಊದಿ ಒಳಗಿನ ನೀರೆಲ್ಲಾ ತೆಗೀರಿ. ಇಲ್ಲಿನ ಚಳೀಲಿ ಅದು ಹೆಪ್ಪುಗಟ್ಟಿದ್ರೆ ತಾಮ್ರ ಉದ್ದಕ್ಕೂ ಸೀಳಿಹೋಗುತ್ತೆ.